ಬರ್ತದ ಬಿಡ್ರಿ

ಭಾನುವಾರದಿಂದ ಒಂದೇ ಮಾತು ಕಿವೀಲಿ ಕೂತಿದೆ. ಬೆಂಗಳೂರಿನ ಹಡ್ಸನ್ ಚರ್ಚಲ್ಲಿ ಆರಾಧನೆ ಮುಗಿಸ್ಕೊಂಡು ಸೀದಾ ಹೆಣ್ಣೂರು ಕಡೆ ಹೋದ್ವಿ, ಡಿಕ್ಕೀಲಿ ಹತ್ತು ಕೆಜಿ ಅಕ್ಕಿ, ಎಣ್ಣೆ, ಒಂದು ಕವರಲ್ಲಿ ಸ್ವಲ್ಪ ದುಡ್ಡು. ಯೇಸುವಿನ ಸುವಾರ್ತೆ ಸಾರೋ, ರಾಯಚೂರು ಕಡೆಯ ಸುವಾರ್ತಿಕರೊಬ್ರು ಹೆಂಡತಿ ಮಕ್ಕಳ ಜೊತೆ ಅಲ್ಲಿ ಶೀಟ್ ಮನೇಲಿದಾರೆ, ಗಾರೆ ಕೆಲಸಕ್ಕೆ ಬಂದವರ ಮಕ್ಕಳಿಗೆ ಸಾಯಂಕಾಲ ಪಾಠ ಹೇಳ್ಕೊಡ್ತಾರೆ. ಕೊಟ್ಟು ಹತ್ತು ನಿಮಿಷಕ್ಕೆ ವಾಪಸ್ ಬರೋದು ಅಂತ ಲೆಕ್ಕ. ದಾರೀಲಿ ನಮ್ಮನೆಯವರು, ಹಡ್ಸನ್ ಚರ್ಚ್ ಅಂದ್ರೆ ಚೀನಾಕ್ಕೆ ಹೋದ ಹಡ್ಸನ್ ಟೇಲರ್ ಹೆಸರು ಅಂದ್ರು, ಅಲ್ಲರೀ, ಇದು ಇಲ್ಲಿ ಸ್ಕೂಲು ಪಾಠ ಅಂತ ದುಡಿದ ಜೋಸಾಯಾ ಹಡ್ಸನ್ ಅಂದೆ. ಟೇಲರ್ 1865ರಲ್ಲಿ ಮಿಷನ್ ಶುರು ಮಾಡಿದಾಗ ಯಾರ ಹತ್ರನೂ ದುಡ್ಡು ಕೇಳಬಾರದು ಅಂತಾನೇ ನಿಯಮ ಇಟ್ಕೊಂಡಿದ್ರು. ಅದು ಹೆಂಗ್ರೀ ನಡೆಯತ್ತೆ ಅಂತ ನಕ್ಕಿದ್ದು ನಾನೇ.

ಸುವಾರ್ತಿಕರ ಹೆಂಡತಿ, ಆ ಅಕ್ಕ, ಬಿಡಲಿಲ್ಲ. "ಉಣ್ಣದ ಹ್ಯಾಂಗ ಹೋಗ್ತೀರಿ, ಕೂಡ್ರಿ." ಜೋಳದ ರೊಟ್ಟಿ, ಬ್ಯಾಳಿ, ಶೇಂಗಾ ಚಟ್ನಿಪುಡಿ. ಆಮೇಲೆ ಬೇಯಿಸಿದ ತತ್ತಿ. ಚಾಕು ಮುಟ್ಟಲಿಲ್ಲ, ಹೊಲಿಗೆ ದಾರ ಸುತ್ತಿ ಎಳೆದ್ರು, ಹಳದಿ ಒಂಚೂರೂ ಉದುರಲಿಲ್ಲ. ನಮ್ಮಿಬ್ರಿಗೆ ಎರಡೆರಡು ಹೋಳು, ಅವರ ಇಬ್ಬರು ಮಕ್ಕಳಿಗೆ ಒಂದೊಂದು. ಗಂಡ ಹೆಂಡತಿ ತಟ್ಟೇಲಿ ಇಲ್ಲ. ಮೂರು ಮೊಟ್ಟೆ ಅಂತ ನಾನು ಮನಸ್ಸಲ್ಲೇ ಎಣಿಸ್ತಾ ಕೂತಿದ್ದೆ, ನನ್ನ ಬುದ್ಧಿನೇ ಅದು. ಆ ಎಣಿಕೇಲೇ ಬಾಯಿ ಜಾರಿತು:

"ತಿಂಗಳಿಗೆ ಎಷ್ಟು ಬರತ್ತಕ್ಕ?"

ಅಕ್ಕ ಇನ್ನೊಂದು ರೊಟ್ಟಿ ಹಾಕಿ ಅಂದ್ರು, "ಬರ್ತದ ಬಿಡ್ರಿ."

ನಾ ಕೇಳಿದ್ದು ಎಷ್ಟು ಅಂತ. ಅವರು ಹೇಳಿದ್ದು ಬರ್ತದ ಅಂತ ಅಷ್ಟೇ. ತಪ್ಪಿಸಿಕೊಳ್ಳೋ ಥರಾನೂ ಇರಲಿಲ್ಲ ಅದು, ನಾಳೆ ಬೆಳಿಗ್ಗೆ ನಂದಿನಿ ಹಾಲು ಬರತ್ತೆ ಅಂತೀವಲ್ಲ ಹಂಗೆ. ಆದ್ರೆ ಅವರ ಗಂಡ, ಆ ಬ್ರದರ್, ಆಮೇಲೆ ಗೇಟ್ ಹತ್ರ ಹೇಳಿದ್ರು, ಕಳಿಸಿದ ಮಿಷನ್ನಿಂದ ಎರಡು ತಿಂಗಳಾಯ್ತು ಏನೂ ಬಂದಿಲ್ಲ ಅಂತ. ನಂಗೆ ಸಿಟ್ಟು ಬಂತು, ಇವರ ನಂಬಿಕೆ ಇವರದು ಸರಿ, ಅದನ್ನೇ ನೆಚ್ಕೊಂಡು ಆಫೀಸಲ್ಲಿ ಕೂತವರು ತಿಂಗಳ ಹಣ ತಡ ಮಾಡೋದು ಎಂಥ ಭಕ್ತಿ ಸ್ವಾಮಿ? ಸೇವೆಗೆ ಬಂದವರಿಗೆ ತೃಪ್ತಿ ಇರಬೇಕು ಅಂತ ಪ್ರಸಂಗ ಮಾಡೋರು ಜಾಸ್ತಿ ಎಸಿ ಕಾರಿಂದಾನೇ ಇಳೀತಾರೆ.

ಸಂಡೇ ಸ್ಕೂಲಲ್ಲಿ ಬೈಬಲ್ಲಿನ ಪ್ರವಾದಿ ಎಲೀಯನ ಕಥೆ ಕೇಳಿದಾಗ್ಲೂ ನಂಗೆ ಆತನ ಮೇಲೆ ಸಿಟ್ಟಿತ್ತು. ಬರಗಾಲದಲ್ಲಿ ಚಾರೆಪ್ತ ಅನ್ನೋ ಊರಿನ ಆ ವಿಧವೆ ಹತ್ರ ಉಳಿದಿದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ, ಮೊದಲು ನಂಗೆ ರೊಟ್ಟಿ ಮಾಡ್ಕೊಡು ಅಂತಾನಲ್ಲ ಈ ಮನುಷ್ಯ! ಭಾನುವಾರ ಆ ಜಾಗದಲ್ಲಿ ನಾನೇ ಕೂತಿದ್ದೆ, ಅದೂ ಕೇಳದೇನೇ. ಲೂಕನ ಸುವಾರ್ತೇಲಿ ಯೇಸು ಎಪ್ಪತ್ತು ಮಂದಿ ಶಿಷ್ಯರನ್ನ ಸೇವೆಗೆ ಕಳಿಸುವಾಗ ಚೀಲ ಬೇಡ ಅಂತಾರೆ, ಬಡಿಸಿದ್ದನ್ನ ಊಟ ಮಾಡಿ ಅಂತಾನೂ ಅಂತಾರೆ. ಚೀಲ ಬಿಡೋದೇ ಕಷ್ಟ ಅಂದ್ಕೊಂಡಿದ್ದೆ ಇಷ್ಟು ದಿನ, ಆ ಎರಡನೇ ಹೋಳು ನುಂಗೋಕೆ ನಂಗೆ ನೀರು ಬೇಕಾಯ್ತು.

ಕವರ್ ಕೊಟ್ಟಾಗ ಬಿಚ್ಚಿ ನೋಡಲಿಲ್ಲ, ಬೈಬಲ್ ಒಳಗಿಟ್ರು. ಹೊರಡುವಾಗ ಹಾರ್ಲಿಕ್ಸ್ ಬಾಟ್ಲಿ ತುಂಬ ಚಟ್ನಿಪುಡಿ.

ನಿನ್ನೆ ಮನೇಲಿ ಮೂವತ್ತರ ಟ್ರೇಯಿಂದ ಒಂದು ಮೊಟ್ಟೆ ಬೇಯಿಸಿ ನಾನೂ ದಾರ ಹಾಕಿ ಎಳೆದೆ, ಹಳದಿಯೆಲ್ಲಾ ಪುಡಿಪುಡಿ. "ಎಷ್ಟು ಹೊತ್ತು ಬೇಯಿಸ್ಬೇಕಕ್ಕ" ಅಂತ ಮೆಸೇಜ್ ಹಾಕಿ, ಮತ್ತೆ ಎಷ್ಟು ಅಂತಾನೇ ಕೇಳಿದ್ನಲ್ಲ ಅಂತ ಡಿಲೀಟ್ ಮಾಡೋಷ್ಟರಲ್ಲಿ ಉತ್ತರ ಬಂದಿತ್ತು, "ಮನಿಗಿ ಬರ್ರಿ, ತೋರಸ್ತೀನಿ."