ರೇಸ್ ಕೊಟ್ರೂ ಗಾಡಿ ಸುಮ್ನ ಕುಂದ್ರತೈತಿ: ಮೂರನೇ ರವಿವಾರದ ಅಪ್‌ಡೇಟ್

ಹೊಸದಾಗಿ ಓದಾವ್ರಿಗೆ ಸಣ್ಣಗ ಹೇಳಿಬಿಡ್ತೀನಿ. ನಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಎಳ್ತ ಆಯಿಲ್ ಮ್ಯಾಲ ಗೇರಬಾಕ್ಸಿಗೆ ದಾಟಸೂದು), 4 ಗೇರ್. ಬೆಳಗಾವಿ ದಾಟಿ ಸರ್ವಿಸ್ ರೋಡಿಂದ ಹೈವೇಕ್ಕ ಏರಾವಾಗ ಎಕ್ಸಲೇಟರ್ ಒತ್ತಿದ್ರ ಒಂದ್ ಗಳಿಗಿ ಏನೂ ಆಗೂದಿಲ್ಲ, ಹಿಂದ ಕೊಲ್ಹಾಪುರಕ್ಕ ಹೊಂಟ ಲಾರಿಯಂವ ಹಾರ್ನ್ ಹೊಡಿಯಾಕತ್ತಿರ್ತಾನ, ಆಮ್ಯಾಲ ಒಮ್ಮೆಲೆ ಜಿಗಿತೈತಿ. ನೋಡಿದವ್ರೆಲ್ಲ ಗೇರಬಾಕ್ಸ್ ಹೋಗೈತಿ, ಮಾರಿಬಿಡು ಅಂದ್ರು.

ಮೊದಲ್ನೇ ಎರಡು ರವಿವಾರ ಥ್ರಾಟಲ್ ಬಾಡಿ, ಅಂದ್ರ ಎಂಜಿನ್ನಿಗೆ ಗಾಳಿ ಬಿಡೂ ಬಾಯಿ, ತೊಳಿಯೂದ್ರಾಗ ಹೋದ್ವು. ಒಳಗ ಕಾಡಿಗಿ ಹಚ್ಚಿದಂಗ ಕಾರ್ಬನ್. ತೊಳದ ಮ್ಯಾಲ ಐಡ್ಲಿಂಗ್ ಚಲೋ ಆತು, ಏರ್ ಫಿಲ್ಟರೂ ಹೊಸಾದು ಹಾಕಿದೆ, ಆದ್ರ ಆ ತಡಾ ಮಾತ್ರ ಹಂಗ ಉಳೀತು.

ಈ ರವಿವಾರ ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಗಾಡಿ ಕಂಪ್ಯೂಟರಿನ ರೀಡಿಂಗ್ ಸಿಗೂ ಜಾಗಾ) ಬ್ಲೂಟೂತ್ ಡಾಂಗಲ್ ಚುಚ್ಚಿ, ಅಳಿಯನ ಕೈಯಾಗ ಫೋನ್ ಕೊಟ್ಟು ವಂಟಮುರಿ ಘಾಟಿಗೆ ಹೋದೆ. ಮೊದಲ್ನೇ ರೌಂಡ್ ಪೂರ್ತಿ ವೇಸ್ಟ್, ಯಾಕಂದ್ರ ನಾನು ದೊಡ್ಡ ಶಾಣ್ಯಾನಂಗ ನಾಲ್ಕೈದು ರೀಡಿಂಗ್ ಒಟ್ಟಿಗೆ ಹಾಕಿದ್ದೆ. ಈ ಅಗ್ಗದ ಡಾಂಗಲ್ ಒಂದೊಂದಾಗಿ ಕೇಳಿ ತರ್ತೈತಿ, ಹೆಚ್ಚ ಕೇಳಿದಷ್ಟು ಒಂದೊಂದೂ ತಡಾ ಆಗಿ ಬರ್ತೈತಿ, ಗಾಡಿ ತಡಾ ಅಳಿಯಾಕ ಹೋಗಿ ಡಾಂಗಲ್ ತಡಾ ಅಳದಂಗಾತು! ಆಮ್ಯಾಲ ಎರಡೆರಡೇ ಇಟ್ಟೆ.

ಪೆಡಲ್ ಮತ್ತ ಥ್ರಾಟಲ್ ಇಟ್ಟು ನೋಡಿದ್ರ ಎರಡೂ ಹತ್ರಹತ್ರ ಕೂಡೇ ಏರ್ತಾವು. ಈ ಗಾಡಿಯಾಗ ಕೇಬಲ್ ಇಲ್ಲ, ಪೆಡಲಿನ ಸೆನ್ಸರ್ ಹೇಳಿದ್ದ ಕೇಳಿ ಮೋಟಾರ್ ಥ್ರಾಟಲ್ ತಗಿತೈತಿ, ಅದಕ್ಕ ನಂದು ಡೌಟ್ ಎಲ್ಲಾ ಅಲ್ಲೇ ಇತ್ತು. ಹೋತು ಆ ಡೌಟ್. ಪೆಡಲ್ ಮತ್ತ ಆರ್‌ಪಿಎಂ (ಎಂಜಿನ್ ತಿರುಗೂ ಸ್ಪೀಡ್) ಇಟ್ಟಾಗ ಅಳಿಯ ಅಂತಾನ, "ಮಾಮಾ, ಪೆಡಲ್ ಏರಿತು, ಆರ್‌ಪಿಎಂ ಇನ್ನೂ ಅಲ್ಲೇ ನಿಂತೈತಿ ನೋಡು." ಸುಮಾರು ಒಂದು ಸೆಕೆಂಡ್ ಮ್ಯಾಲ. ಅದ ಏರನ್ಯಾಗ ಗೇರ್ ಲಿವರ್ 2 ರಾಗ ಇಟ್ಟು (ಅಂದ್ರ 2ನೇ ಗೇರ್ ಮ್ಯಾಲ ಹೋಗೂದಿಲ್ಲ) ಒತ್ತಿದೆ, ತಡಾನ ಇಲ್ಲ!

ಅಂದ್ರ ಎಂಜಿನ್ ಸೋಮಾರಿ ಅಲ್ಲ. ಗಾಡಿ 4ನೇ ಗೇರಿನ್ಯಾಗ ಕಡಿಮಿ ಆರ್‌ಪಿಎಂದಾಗ ಇರ್ತೈತಿ, ನಾವು ಒತ್ತಿದ ಮ್ಯಾಲ ಕಂಪ್ಯೂಟರ್ ಗೇರ್ ಇಳಿಸ್ಬೇಕು ಅಂತ ತಿಳ್ಕೋಬೇಕು, ಎಂಜಿನ್ ಗೇರಬಾಕ್ಸ್ ಎರಡನ್ನೂ ನೇರ ಹಿಡದಿರೂ ಕನ್ವರ್ಟರ್ ಲಾಕ್ ಬಿಡಬೇಕು, ಒಂದು ಕ್ಲಚ್ಚಿನ ಆಯಿಲ್ ಪ್ರೆಷರ್ ಇಳಿದು ಇನ್ನೊಂದ್ರಾಗ ತುಂಬಬೇಕು. ಅಷ್ಟರಾಗ ನಮ್ಮ ಜೀವ ಹೋಗಿ ಬಂದಿರ್ತೈತಿ.

ಆಯಿಲ್ ಪ್ರೆಷರ್ ಅಂದ್ಮ್ಯಾಲ ಗೇರಬಾಕ್ಸ್ ಆಯಿಲ್ ನೋಡಬೇಕಲ್ಲ, ಉದ್ಯಮಬಾಗದಾಗ ಗುರ್ತಿನ ಮಿಸ್ತ್ರಿ ಕಡೆ ಬೋಲ್ಟ್ ಬಿಚ್ಚಿಸಿದೆ. ಕೆಂಪಗ ಇರಬೇಕಾದ್ದು ಚಾ ಡಿಕಾಕ್ಷನ್ ಆಗಿತ್ತು. ಮಿಸ್ತ್ರಿ ಹೇಳಿದ್ದು ಖರೆ: ಒಮ್ಮೆ ಬಿಚ್ಚಿದ್ರ ಅರ್ಧಾನೂ ಬರೂದಿಲ್ಲ, ಉಳಿದದ್ದು ಕನ್ವರ್ಟರಿನ್ಯಾಗ ಕುಂತಿರ್ತೈತಿ. ಅದಕ್ಕ ಹೊಸಾದು ಹಾಕಿ ಒಂದು ವಾರ ಓಡಿಸಿ ಮತ್ತ ಬಿಚ್ಚೂದು, ಹಂಗ ಮೂರು ಸಲ. ಒಂದು ಸಲ ಆತು, ತಡಾ ಸ್ವಲ್ಪ ಕಡಿಮಿ ಅನಸ್ತೈತಿ, ಆದ್ರ ರೊಕ್ಕಾ ಕೊಟ್ಟಾಂವಗ ಹಂಗ ಅನಸೂದ, ಅಳದ ಮ್ಯಾಲ ಹೇಳ್ತೀನಿ.

ನಡುವ ಕಾಕಾ ಬಂದು ತನ್ನ ಎಎಂಟಿನೂ ಹಿಂಗ ಮಾಡ್ತೈತಿ ಅಂದ. ಅದು ಬ್ಯಾರೆ ಕಥಿ ಕಾಕಾ, ನಿಂದು ಒಳಗ ಮ್ಯಾನುವಲ್ ಗೇರಬಾಕ್ಸ್, ಕ್ಲಚ್ ಒತ್ತಿ ಗೇರ್ ಹಾಕೂದು ಮಶೀನ್, ಆ ಗ್ಯಾಪಿನ್ಯಾಗ ಎಳ್ತ ಕಡೀತೈತಿ. ಗೇರ್ ಬದಲ್ಸು ಹೊತ್ತಿಗೆ ಪೆಡಲ್ ಸ್ವಲ್ಪ ಬಿಟ್ಟು ನೋಡು ಅಂದೆ. ಇನ್ನೊಬ್ರು ಪೆಡಲ್ ಬಾಕ್ಸ್ ಹಾಕ್ಸು ಅಂದ್ರು. ಬ್ಯಾಡ. ಅದು ಪೆಡಲ್ 30 ಪರ್ಸೆಂಟ್ ಒತ್ತಿದ್ದನ್ನ ಕಂಪ್ಯೂಟರಿಗೆ 50 ಅಂತ ಹೇಳ್ತೈತಿ ಅಷ್ಟ, ಅಷ್ಟೂ ಕಾಲು ಜೋರ ಒತ್ತಿದ್ರ ಫ್ರೀ ಆಗಿ ಸಿಗ್ತೈತಿ.

ಸದ್ಯಕ್ಕ ಹೈವೇಕ್ಕ ಏರೂ ಮುಂಚೆನ ಲಿವರ್ 2ಕ್ಕ ಇಳಿಸ್ಲಾಕತ್ತೀನಿ. ಎರಡನೇ ಆಯಿಲ್ ಮುಂದಿನ ರವಿವಾರ, ಮಳಿ ಬಿಟ್ರ.