ಖಾಲಿ ಬಿಟ್ಟ ಅಂಕಣ

ಹೊಸ ಯೋಚನೆಗಳಿಗಾಗಿ ನಮ್ಮ ಕಂಪನಿ ಪ್ರತಿ ವರ್ಷ ಉದ್ಯೋಗಿಗಳಿಂದ ಅರ್ಜಿ ಕರೆಯುತ್ತದೆ. ಆ ವರ್ಷ ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ. ರಾಶಿ ಅರ್ಜಿಗಳ ನಡುವೆ ಗೋದಾಮಿನ ಹೆಣ್ಣುಮಗಳೊಬ್ಬರದೂ ಒಂದಿತ್ತು. ‘ಐದು ವರ್ಷಗಳಲ್ಲಿ ನಿರೀಕ್ಷಿತ ಆದಾಯ’ ಎಂಬ ಅಂಕಣವನ್ನು ಅವರು ಖಾಲಿ ಬಿಟ್ಟಿದ್ದರು. ಅಪೂರ್ಣ ಎಂದು ಬರೆದು ಬದಿಗಿಟ್ಟವನು ನಾನೇ.

ಮರುವಾರ ಬೇರೇನೋ ಕೆಲಸಕ್ಕೆ ಗೋದಾಮಿಗೆ ಹೋದಾಗ ಅವರು ಕತ್ತರಿ ಹಿಡಿದು ಕುಳಿತಿದ್ದರು. ಮುದ್ರಣಗೊಂಡು ಬಂದ ಬಿಡಿಭಾಗಗಳ ಪಟ್ಟಿಯನ್ನು ಒಂದೊಂದು ಸಾಲಾಗಿ ಕತ್ತರಿಸಿ, ಆ ಚೀಟಿಗಳನ್ನು ರಟ್ಟೊಂದರ ಮೇಲೆ ಬೇರೆ ಕ್ರಮದಲ್ಲಿ ಜೋಡಿಸಿ ಕ್ಲಿಪ್ ಹಾಕುತ್ತಿದ್ದರು. ರಟ್ಟಿನ ಅಂಚು ಸವೆದು ಮೆತ್ತಗಾಗಿತ್ತು.

“ಪಟ್ಟಿ ಬರುವುದು ಆರ್ಡರ್ ಸಂಖ್ಯೆಯ ಪ್ರಕಾರ ಸರ್, ಸಾಮಾನು ಇರುವುದು ಕಪಾಟಿನ ಪ್ರಕಾರ. ಇದ್ದ ಹಾಗೇ ಹಿಡಿದು ಹೊರಟರೆ ಒಂದೇ ಕಪಾಟಿನ ಸಾಲಿಗೆ ನಾಲ್ಕು ಸಲ ನಡೆಯಬೇಕು. ಅರ್ಜಿಯಲ್ಲಿ ಇದನ್ನೇ ಬರೆದಿದ್ದೆ. ಆದಾಯ ಎಷ್ಟೆಂದು ನಾನು ಹೇಗೆ ಹೇಳಲಿ? ಕಾಲುನೋವು ಕಡಿಮೆಯಾಗುತ್ತದೆ ಎಂದು ಬರೆಯಲು ಜಾಗವಿರಲಿಲ್ಲ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಅಮೆರಿಕದ ತ್ರೀಎಂ ಕಂಪನಿಯ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟು ಹುಡುಕುತ್ತಾ ಹೋಗಿ, ಅಂಟಿಯೂ ಸುಲಭವಾಗಿ ಬಿಟ್ಟುಬರುವ ಅಂಟನ್ನು ಕಂಡುಹಿಡಿದರು. ಅದು ಯಾವುದಕ್ಕೆ ಬೇಕು ಎಂದು ವರ್ಷಗಟ್ಟಲೆ ಯಾರಿಗೂ ಹೊಳೆಯಲಿಲ್ಲ. ಪ್ರಾರ್ಥನಾ ಗೀತೆಗಳ ಪುಸ್ತಕದಿಂದ ಗುರುತಿನ ಚೀಟಿಗಳು ಜಾರಿ ಬೀಳುವುದರಿಂದ ಬೇಸತ್ತ ಸಹೋದ್ಯೋಗಿ ಆರ್ಟ್ ಫ್ರೈ 1974ರಲ್ಲಿ ಅದಕ್ಕೊಂದು ಉಪಯೋಗ ಕಂಡರು. ಹಾಗೆ ಹುಟ್ಟಿದ, ಅಂಟಿಸಿ ಮತ್ತೆ ಕಿತ್ತು ತೆಗೆಯಬಹುದಾದ ಪೋಸ್ಟ್-ಇಟ್ ಚೀಟಿ ಅಮೆರಿಕದಾದ್ಯಂತ ಮಾರುಕಟ್ಟೆಗೆ ಬಂದದ್ದು 1980ರಲ್ಲಿ. ಕೆಲಸದ ಹೊತ್ತಿನ ಶೇ 15ರಷ್ಟನ್ನು ಸ್ವಂತ ಯೋಚನೆಗಳಿಗೆ ಬಳಸಿಕೊಳ್ಳಲು ಬಿಡುವ ಕಂಪನಿ ಅದು. ಸಿಲ್ವರ್ ನಮ್ಮ ಸಮಿತಿಯ ಮುಂದೆ ಬಂದಿದ್ದರೆ ಅವರ ಅಂಕಣವೂ ಖಾಲಿಯೇ ಇರುತ್ತಿತ್ತು, ನಾನು ಅದನ್ನೂ ಬದಿಗಿಡುತ್ತಿದ್ದೆ.

ಪಟ್ಟಿಯ ಕ್ರಮ ಬದಲಿಸುವುದು ತಂತ್ರಾಂಶ ವಿಭಾಗಕ್ಕೆ ಎರಡು ದಿನದ ಕೆಲಸ. ಆದರೆ ಆ ಎರಡು ದಿನವನ್ನು ಯಾವ ಪ್ರಾಜೆಕ್ಟಿನ ಲೆಕ್ಕಕ್ಕೆ ಬರೆಯುವುದು ಎಂಬ ಪ್ರಶ್ನೆಗೆ ಉತ್ತರ ಸಿಗಲು ಮೂರು ವಾರ ಹಿಡಿಯಿತು. ಯಾರೂ ಕೆಟ್ಟವರಲ್ಲ, ಯಾರೂ ಬೇಡ ಎನ್ನಲಿಲ್ಲ. ಸಹಿ ಹಾಕುವವರು ಮಾತ್ರ ಇರಲಿಲ್ಲ. ದೊಡ್ಡ ಕಂಪನಿಗಳಲ್ಲಿ ಯೋಚನೆಗಳು ಹೀಗೆಯೇ ಸದ್ದಿಲ್ಲದೆ ಸಾಯುತ್ತವೆ. ಕೊನೆಗೆ ನನ್ನ ವಿಭಾಗದ ಲೆಕ್ಕಕ್ಕೇ ಹಾಕಿಸಿದೆ.

ಹೊಸ ಪಟ್ಟಿ ಬಂದ ದಿನ ಅವರು ತಳ್ಳುಗಾಡಿ ಹಿಡಿದು ಒಂದು ಸುತ್ತು ಹೋಗಿ ಬಂದರು. ಹೊಗಳುತ್ತಾರೆಂದು ನಾವು ಕಾದು ನಿಂತಿದ್ದರೆ, “ಭಾರದ ಪೆಟ್ಟಿಗೆಗಳು ಕೊನೆಗೆ ಬರುತ್ತಿವೆ ಸರ್, ಹಗುರದವುಗಳ ಮೇಲೆ ಕೂರುತ್ತವೆ. ಅವು ಮೊದಲು ಬರಬೇಕು” ಎಂದರು.

ತಂತ್ರಾಂಶ ವಿಭಾಗದ ಹುಡುಗ ಅರ್ಜಿ ಕೇಳಲಿಲ್ಲ. ಅವರ ಕೈಯಿಂದ ಪಟ್ಟಿ ತೆಗೆದುಕೊಂಡು, ಅದರ ಹಿಂಬದಿಯಲ್ಲಿ ನಿಂತಲ್ಲೇ ಬರೆದುಕೊಂಡ.