ವಾಯಿದೆಗೆ ಜಡ್ಜೇ ಬರ್ತಾರಂತೆ

ಹಾಸನ, 18 ನವೆಂಬರ್ 2025, ಮಂಗಳವಾರ

ಇವತ್ತೂ ವಾಯಿದೆ ಇತ್ತು. ಗದ್ದೆ ಬದುವಿನ ಕೇಸು, ಹನ್ನೊಂದನೇ ವರ್ಷ. ಹತ್ತೂವರೆಗೆಲ್ಲ ಅಪ್ಪನನ್ನು ಕರೆದುಕೊಂಡು ಹೋಗಿ ಕೋರ್ಟಿನ ಜಗಲಿಯಲ್ಲಿ ಕೂತೆ. ನಮ್ಮ ನಂಬರ್ ಕೂಗಿದಾಗ ಮೂರು ಗಂಟೆ. ಎದುರು ಪಾರ್ಟಿ ವಕೀಲರು ಬಂದಿರಲಿಲ್ಲ. ಜನವರಿಗೆ ಹೋಯಿತು. ಪಹಣಿ, ಸರ್ವೆ ಸ್ಕೆಚ್ಚು ತುಂಬಿದ ಬಟ್ಟೆ ಚೀಲವನ್ನು ಅಪ್ಪ ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡರು.

ರಾತ್ರಿ ಊಟಕ್ಕೆ ಕೂತಾಗ ತಂಗಿ ಅವಳ ಲಾ ಕಾಲೇಜಿನ ಸೆಮಿನಾರ್ ಮಾತು ತೆಗೆದಳು. ವಿಷಯ ಈಸ್ಟರ್ನ್ ಕೆರಿಬಿಯನ್ ಸುಪ್ರೀಂ ಕೋರ್ಟ್. 1967ರಲ್ಲಿ ಶುರುವಾದದ್ದು. ಆರು ಸ್ವತಂತ್ರ ದೇಶ, ಇನ್ನೂ ಬ್ರಿಟನ್ ಕೈಯಲ್ಲಿರುವ ಮೂರು ಪ್ರದೇಶ, ಅಷ್ಟಕ್ಕೂ ಒಂದೇ ಕೋರ್ಟು. ಕಚೇರಿ ಸೇಂಟ್ ಲೂಸಿಯಾದ ಕ್ಯಾಸ್ಟ್ರೀಸ್‌ನಲ್ಲಿ. ಮಾಂಟ್ಸೆರಾಟ್ ಅನ್ನೋ ದ್ವೀಪದಲ್ಲಿ 5,000 ಜನವೂ ಇಲ್ಲವಂತೆ. ನಮ್ಮ ಹೋಬಳಿಗಿಂತ ಕಮ್ಮಿ! ಅಷ್ಟು ಜನಕ್ಕೆ ಬೇರೆ ಅಪೀಲು ಕೋರ್ಟು ಯಾರು ಕಟ್ಟಿಸ್ತಾರೆ? ಅದಕ್ಕೇ ಅಪೀಲು ಕೇಳುವ ಜಡ್ಜ್‌ಗಳು ದ್ವೀಪದಿಂದ ದ್ವೀಪಕ್ಕೆ ಹೋಗಿ ಕೂರುತ್ತಾರೆ.

ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. "ಜಡ್ಜೇ ಬತ್ತಾರಾ?"

ಹೈಕೋರ್ಟ್ ಅಂದರೆ ಅಪ್ಪನಿಗೆ ಬೆಳಗಿನ ಜಾವದ ಬೆಂಗಳೂರು ಬಸ್ಸು. ಪಾಪ, ನಂಬೋದು ಕಷ್ಟ.

"ಅಲ್ಲೂ ಸೋತ್ರೆ?"

"ಲಂಡನ್ನು. ಪ್ರಿವಿ ಕೌನ್ಸಿಲ್."

ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೇ ಅಪೀಲೂ ಅಲ್ಲಿಗೇ ಹೋಗ್ತಿತ್ತು; ನಾವು 1949ರಲ್ಲೇ ಬಿಟ್ಟ ದಾರಿ ಅದು. ಆ ಆರು ದೇಶದಲ್ಲಿ ಡೊಮಿನಿಕಾ 2015ರಲ್ಲಿ, ಸೇಂಟ್ ಲೂಸಿಯಾ 2023ರಲ್ಲಿ ಅದನ್ನು ಬಿಟ್ಟು, ಕೊನೇ ಅಪೀಲನ್ನು ಕೆರಿಬಿಯನ್ ಕೋರ್ಟ್ ಆಫ್ ಜಸ್ಟಿಸ್‌ಗೆ ಒಪ್ಪಿಸಿದವು. ಆ ಕೋರ್ಟು ಇರೋದು ಟ್ರಿನಿಡಾಡ್‌ನಲ್ಲಿ. ತಮಾಷೆ ಅಂದರೆ ಟ್ರಿನಿಡಾಡ್‌ನವರೇ ಇನ್ನೂ ಲಂಡನ್ನಿಗೆ ಹೋಗ್ತಾರೆ. ಆಂಟಿಗುವಾ, ಗ್ರೆನಡಾ ಜನರನ್ನು 2018ರಲ್ಲಿ ವೋಟು ಹಾಕಿಸಿ ಕೇಳಿದರೆ, ಲಂಡನ್ ಬಿಡೋದು ಬೇಡ ಅಂದುಬಿಟ್ಟರು.

ನಾನು ನಕ್ಕೆ. ಅಪ್ಪ ನಗಲಿಲ್ಲ. "ನಮ್ಮೂರಲ್ಲಿ ಪಂಚಾಯ್ತಿಗೆ ಕೂತೋನು ಯಾರು? ಆ ಎದುರು ಪಾರ್ಟಿಯೋನ ಭಾವಮೈದನೇ ತಾನೆ? ದೂರದೋನಿಗೆ ನೆಂಟಸ್ತಿಕೆ ಗೊತ್ತಿರಕಿಲ್ಲ ಕಣೋ."

ತಂಗಿ ಬಿಡಲಿಲ್ಲ. ಖರ್ಚಿಗೆ ಅಂತ ಆ ಟ್ರಿನಿಡಾಡ್ ಕೋರ್ಟು ಯಾವ ಸರ್ಕಾರದ ಮುಂದೆಯೂ ಕೈ ಚಾಚಬಾರದು, ಅದಕ್ಕೇ ಮೊದಲೇ 10 ಕೋಟಿ ಡಾಲರ್ ನಿಧಿ ಇಟ್ಟಿದ್ದಾರೆ ಅಂದಳು. ಅಪ್ಪ ಅವರೆಕಾಳು ಸಾರು ಬಡಿಸಿಕೊಂಡರು, ಅಷ್ಟೇ.

ಕೈ ತೊಳೆಯೋಕೆ ಹೋದವರು ಹಿತ್ತಲಿಂದಲೇ ಕೂಗಿದರು. "ಲೇ ಮಗಾ, ಜಡ್ಜು ಅಷ್ಟು ದೂರದಿಂದ ಬಂದ ದಿನ ವಕೀಲ ಬರ್ದೇ ಹೋದ್ರೆ ಏನ್ ಮಾಡ್ತಾರಂತೆ?"

ತಂಗಿ ನೋಟ್ಸ್ ತಿರುವಿ ಹಾಕಿದಳು. ಅದರಲ್ಲಿ ಅದಿರಲಿಲ್ಲ.